ಇಂಗ್ಲಿಷಿನಲ್ಲಿ ಕೂಗಾಟಕ್ಕೆ ಏನನ್ನಬೇಕು?

ಯಾರಾದರೂ ಸಿಟ್ಟಿನಿಂದ ಕೂಗಾಡಿದರೆ ನಾವು 'ಶೌಟಿಂಗ್' ಅನ್ನೋ ಒಂದೇ ಪದ ಹಿಡಿದುಕೊಂಡು ಎಲ್ಲ ಕಡೆ ತಳ್ಳುತ್ತೇವೆ, ಅಲ್ವಾ? ಅದಕ್ಕಿಂತ ಒಳ್ಳೆ ಮಾತುಗಳಿವೆ. ಹೋಟೆಲಿನಲ್ಲಿ ಬಿಲ್ ತಪ್ಪಾಗಿದೆ ಅಂತ ಗಿರಾಕಿ ರಂಪ ಮಾಡಿದರೆ 'ಹೀ ಕಿಕ್ಡ್ ಅಪ್ ಎ ಫಸ್' ಅನ್ನಿ. ಎಲ್ಲರೂ ತಿರುಗಿ ನೋಡುವಷ್ಟು ಆದರೆ 'ಮೇಡ್ ಎ ಸೀನ್'. ನೀವೇ ಒಬ್ಬರನ್ನು ಎದುರಿಗೆ ನಿಲ್ಲಿಸಿ ಚೆನ್ನಾಗಿ ಜಾಡಿಸಿದ್ದರೆ 'ಐ ಗೇವ್ ಹಿಮ್ ಎ ಪೀಸ್ ಆಫ್ ಮೈ ಮೈಂಡ್'. ಊರಿಗೆ ಊರೇ ರೊಚ್ಚಿಗೆದ್ದರೆ 'ಅಪ್ ಇನ್ ಆರ್ಮ್ಸ್', ಕೈಯಲ್ಲಿ ಆಯುಧ ಇರಬೇಕು ಅಂತೇನಿಲ್ಲ.

ನನಗೆ ಜಾಸ್ತಿ ಇಷ್ಟ 'ಹ್ಯೂ ಅಂಡ್ ಕ್ರೈ'. ಹಳೆಯ ಇಂಗ್ಲೆಂಡಿನಲ್ಲಿ ಕಳ್ಳನನ್ನು ಕಂಡವರು ಕೂಗಬೇಕು, ಆ ಕೂಗು ಕೇಳಿದವರೆಲ್ಲ ಅವನನ್ನು ಬೆನ್ನಟ್ಟಬೇಕು ಅನ್ನೋದು ಕಾನೂನೇ ಆಗಿತ್ತು, 1285ರ ವಿಂಚೆಸ್ಟರ್ ಕಾಯ್ದೆಯಲ್ಲೂ ಅದಿದೆ. ಈ 'ಹ್ಯೂ' ಅಂದರೆ ಬಣ್ಣವಲ್ಲ, ಕೂಗು ಅನ್ನೋ ಅರ್ಥದ ಹಳೆ ಫ್ರೆಂಚ್ ಪದ. ಬೆಲೆ ಏರಿಕೆಗೆ ಜನ ಬೊಬ್ಬೆ ಹಾಕಿದರೆ ಬಳಸಿ, ಒಬ್ಬರೇ ಕಿರುಚಿದ್ದಕ್ಕೆ ಬೇಡ.

ಯಾರೋ ಕೊಲ್ಲುತ್ತಿದ್ದಾರೆ ಅನ್ನೋ ಹಾಗೆ ಕಿರುಚಾಡಿದರೆ 'ಸ್ಕ್ರೀಮ್ ಬ್ಲೂ ಮರ್ಡರ್'. ಇದು ಬ್ರಿಟಿಷರದ್ದು, ಅಮೆರಿಕದವರು 'ಬ್ಲಡಿ ಮರ್ಡರ್' ಅನ್ನುತ್ತಾರೆ. ಎರಡನ್ನೂ ಆಫೀಸಿನ ಮೇಲ್‌ನಲ್ಲಿ ಬರೆಯಬೇಡಿ. ಅಲ್ಲಿ 'ವೊಸಿಫರಸ್' (ಜೋರು ದನಿಯ, ಗಟ್ಟಿಯಾಗಿ ಹೇಳುವ) ಸಾಕು.