ಬಚ್ಚಲಿನ ಸೌದೆ ಬಾಯ್ಲರ್ ಹೊಗೆ ಒಳಗೇ ಬರುತ್ತಿದ್ದರೆ

ನಮ್ಮ ಬಚ್ಚಲಿನ ಬಾಯ್ಲರ್‌ಗೆ ಬೆಂಕಿ ಹೊತ್ತಿಸಿದಾಗ ಹೊಗೆ ಕೊಳವೆ ಹತ್ತದೆ ಒಲೆಬಾಯಿಂದಲೇ ಹೊರಬರುತ್ತಿತ್ತು. ಬಚ್ಚಲಿನ ಬಾಗಿಲು ಹಾಕಿದರೆ ಇನ್ನೂ ಹೆಚ್ಚು.

ಮಸಿ ಕೆರೆದದ್ದು, ಒಣ ಸೌದೆ, ಕೊಳವೆ ತುದಿಗೆ ಮಳೆ ತಡೆಯುವ ಹೊಸ ಟೋಪಿ, ಯಾವುದೂ ಉಪಯೋಗಕ್ಕೆ ಬರಲಿಲ್ಲ. ಎಕ್ಸಾಸ್ಟ್ ಫ್ಯಾನ್ ಹಾಕಿದ ಮೇಲಂತೂ ಮತ್ತೂ ಕೆಟ್ಟಿತು: ಫ್ಯಾನ್ ಹೊರಗೆಳೆದ ಗಾಳಿಯ ಜಾಗ ತುಂಬಲು ಕೊಳವೆಯಿಂದಲೇ ಗಾಳಿ ಕೆಳಗಿಳಿಯುತ್ತದೆ. ಒಲೆ ಉರಿಯುವಾಗ ಫ್ಯಾನ್ ಬೇಡವೇ ಬೇಡ.

ಸರಿಹೋದದ್ದು ಈ ಕ್ರಮದಲ್ಲಿ. ಮೊದಲು ಗಾಳಿದಾರಿ. ಒಲೆಬಾಯಿ ಹತ್ತಿರದ ಹೊರಗೋಡೆಯಲ್ಲಿ, ನೆಲದಿಂದ ಅರ್ಧ ಅಡಿ ಮೇಲೆ, 6×6 ಇಂಚಿನ ಕಿಂಡಿ. ಅದಕ್ಕೆ ಇಲಿ ತಡೆಯುವ ದಪ್ಪ ಜಾಲರಿ ಸಾಕು. ಸೊಳ್ಳೆ ಜಾಲರಿ ಧೂಳು ಕಟ್ಟಿ ಮುಚ್ಚಿಹೋಗುತ್ತದೆ. ಆಮೇಲೆ ಕೊಳವೆ. ಬಾಯ್ಲರ್ ತಲೆಯಿಂದ 2 ಅಡಿ ನೇರ ಮೇಲಕ್ಕೆ ಒಯ್ದು, 90 ಡಿಗ್ರಿ ಬೆಂಡ್ ಬದಲು 45ರ ಎರಡು ಹಾಕಿಸಿದೆ. ನಡುವಿನ ತುಂಡು ಮಟ್ಟಸವಾಗಿರದೆ ಓರೆಯಾಗಿ ಏರುತ್ತದೆ. ಬಾಯ್ಲರಿನ ಹೊಗೆ ಬಾಯಿ 4 ಇಂಚಾದ್ದರಿಂದ ತುದಿವರೆಗೂ 4 ಇಂಚೇ. ತುದಿ ಮಾಡಿನ ನೆತ್ತಿಗಿಂತ 2 ಅಡಿ ಎತ್ತರ. ಇಳಿಜಾರಿನ ಮಧ್ಯದಲ್ಲೇ ನಿಂತರೆ, ನೆತ್ತಿ ದಾಟಿ ಇಳಿಯುವ ಗಾಳಿ ಹೊಗೆಯನ್ನು ವಾಪಸ್ ತಳ್ಳುತ್ತದೆ. ಟೋಪಿಗೂ ಕೊಳವೆಗೂ 4 ಇಂಚು ಸಂದು.

ಹೊಗೆಯಿಲ್ಲದ ಕೆಂಡವೂ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಬಿಡುತ್ತದೆ, ಚಳಿಯೆಂದು ಕಿಂಡಿಗೆ ಗೋಣಿ ತುರುಕಬೇಡಿ. ಹೊತ್ತಿಸುವ ಮೊದಲು ಕೊಳವೆ ಬುಡದಲ್ಲಿ ಒಂದು ಹಾಳೆ ಪೇಪರ್ ಸುಟ್ಟು, ಒಲೆಬಾಯಿಗೆ ಊದುಬತ್ತಿ ಹಿಡಿಯಿರಿ. ಊದುಬತ್ತಿಯ ಹೊಗೆಯನ್ನು ಒಲೆ ತನ್ನೊಳಕ್ಕೆ ಎಳೆದರೆ ಸೌದೆ ಹಾಕಬಹುದು.