ಹಲಗೆ ನಿಜವಾಗಿ ಒಣಗಿದೆಯೇ? ತೂಕ ಹಾಕಿ ತಿಳಿಯುವ ಕ್ರಮ

ಹಲಗೆಯ ಮೇಲೆ ಕೈಯಾಡಿಸಿ, ಗೆಣ್ಣಿನಿಂದ ತಟ್ಟಿ ಸದ್ದು ಕೇಳಿ, "ಒಣಗಿದೆ" ಎಂದುಬಿಡುವುದು ವಾಡಿಕೆ. ಆದರೆ ಮರ ಒಣಗುವುದು ಹೊರಗಿನಿಂದ ಒಳಕ್ಕೆ. ಕೈಗೆ ತಾಗುವ ಮೇಲ್ಪದರ ಶೇ. 12ಕ್ಕೆ ಇಳಿದಿದ್ದರೂ ದಪ್ಪ ಹಲಗೆಯ ನಡುಭಾಗದಲ್ಲಿ ಇನ್ನೂ ಶೇ. 30 ತೇವ ಉಳಿದಿರಬಹುದು. ಅದನ್ನು ಕೊಯ್ದು ಕೆಲಸಕ್ಕೆ ಹಚ್ಚಿದ ಮೇಲೆ ಸಂದು ಬಾಯಿಬಿಡುತ್ತದೆ, ಹಲಗೆ ಸೊಟ್ಟಗಾಗುತ್ತದೆ. ತಕ್ಕಡಿ, ಗರಗಸ, ಶಾಖವನ್ನು ಸ್ಥಿರವಾಗಿ ಹಿಡಿದಿಡುವ ಓವನ್ ಇದ್ದರೆ ಈ ಅಂದಾಜಿನ ಆಟ ಬೇಕಿಲ್ಲ.

ತೇವಾಂಶದ ಲೆಕ್ಕ ಹೀಗಿದೆ: ಹಲಗೆಯಿಂದ ಕತ್ತರಿಸಿದ ತುಂಡಿನ ಹಸಿ ತೂಕದಲ್ಲಿ, ಅದು ಓವನ್‌ನಲ್ಲಿ ಪೂರ್ತಿ ಒಣಗಿದ ಮೇಲಿನ ಒಣ ತೂಕವನ್ನು ಕಳೆಯಿರಿ, ಬಂದದ್ದನ್ನು ಒಣ ತೂಕದಿಂದ ಭಾಗಿಸಿ, 100ರಿಂದ ಗುಣಿಸಿ. ಭಾಗಿಸುವುದು ಒಣ ತೂಕದಿಂದ ಎಂಬುದನ್ನು ಮರೆಯಬಾರದು. ಹಸಿ ತೂಕದಿಂದ ಭಾಗಿಸಿದರೆ ಶೇ. 60 ಎನ್ನಬೇಕಾದದ್ದು ಶೇ. 37.5 ಎಂದು ಬರುತ್ತದೆ. ಹಗುರ ಮರಗಳಲ್ಲಿ ಉತ್ತರ ಶೇ. 100 ದಾಟಿದರೆ ಗಾಬರಿ ಬೇಡ. ಮರದ ನಾರಿಗಿಂತ ಅದರೊಳಗಿನ ನೀರೇ ಹೆಚ್ಚು ತೂಗುತ್ತಿದೆ, ಅಷ್ಟೆ.

ತುಂಡು ಕತ್ತರಿಸುವುದು

ಹಲಗೆಯ ತುದಿಯಿಂದ ತುಂಡು ತೆಗೆಯಬೇಡಿ. ನೀರು ಅಡ್ಡಲಾಗಿ ಹರಿಯುವುದಕ್ಕಿಂತ ಎಳೆಯುದ್ದಕ್ಕೆ 10–15 ಪಟ್ಟು ಬೇಗ ಹೊರಬರುವುದರಿಂದ ತುದಿ ಯಾವಾಗಲೂ ಉಳಿದ ಭಾಗಕ್ಕಿಂತ ಒಣಗಿಯೇ ಇರುತ್ತದೆ. ತುದಿಯಿಂದ ಕನಿಷ್ಠ 40–50 ಸೆಂ.ಮೀ. ಒಳಗೆ, ಗಂಟು, ತೊಗಟೆ, ಅಂಟು ಸೇರಿದ ಜಾಗಗಳನ್ನು ಬಿಟ್ಟು, ಎಳೆಯುದ್ದಕ್ಕೆ 25 ಮಿ.ಮೀ. ಇರುವಂತೆ ಪೂರ್ತಿ ಅಗಲ, ಪೂರ್ತಿ ದಪ್ಪದ ತುಂಡು ಕತ್ತರಿಸಿ. ಗರಗಸದ ಅಲಗು ಮೊಂಡಾಗಿ ಮರ ಕಾದರೆ ಅಲ್ಲೇ ನೀರು ಆವಿಯಾಗಿಬಿಡುತ್ತದೆ. ಹರಿತವಾದ ಅಲಗು ಬಳಸಿ.

ಅಂಟಿಕೊಂಡ ಹುಡಿ, ಸಡಿಲವಾದ ಸಿಬಿರುಗಳನ್ನು ಉಜ್ಜಿ ತೆಗೆದು ತಕ್ಷಣ ತೂಗಿ. ಆಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಿ. ತಕ್ಕಡಿ 0.1 ಗ್ರಾಂವರೆಗಾದರೂ ತೋರಿಸಬೇಕು. ಒಂದು ತುಂಡು ಹಸಿಯಲ್ಲಿ 85.3 ಗ್ರಾಂ, ಒಣಗಿದ ಮೇಲೆ 54.0 ಗ್ರಾಂ ತೂಗಿತು ಎನ್ನಿ, ತೇವಾಂಶ ಶೇ. 58. ಒಣಗುವಾಗ ಅರ್ಧ ಗ್ರಾಂ ಚಕ್ಕೆ ಉದುರಿದರೂ ಉತ್ತರ ಶೇ. 59.4 ಆಗಿಬಿಡುತ್ತದೆ. ಉಜ್ಜಿ ತೆಗೆಯುವ ಕೆಲಸ ಮೊದಲೇ ಆಗಬೇಕೆನ್ನುವುದು ಇದಕ್ಕೇ.

ಓವನ್ ಶಾಖ 103 ಡಿಗ್ರಿ ಸೆಲ್ಸಿಯಸ್, ಎರಡು ಡಿಗ್ರಿ ಆಚೀಚೆ. ಗುಂಡಿಯ ಮೇಲಿನ ಅಂಕಿಯನ್ನು ನಂಬದೆ ಒಳಗೆ ಪ್ರತ್ಯೇಕ ಥರ್ಮಾಮೀಟರ್ ಇಡಿ. ಕಡಿಮೆಯಾದರೆ ನೀರು ಪೂರ್ತಿ ಹೋಗದು. ತೀರಾ ಹೆಚ್ಚಾದರೆ ಮರವೇ ಕಂದಿ ತೂಕ ಕಳೆದುಕೊಳ್ಳುತ್ತದೆ. ತುಂಡುಗಳ ನಡುವೆ ಗಾಳಿಯಾಡಲು ಜಾಗ ಬಿಡಿ. ಸಾಮಾನ್ಯವಾಗಿ 24 ಗಂಟೆ ಸಾಕು, ಆದರೂ ಗಡಿಯಾರಕ್ಕಿಂತ ತಕ್ಕಡಿಯ ಮಾತೇ ಕೊನೆ: ನಾಲ್ಕು ಗಂಟೆ ಬಿಟ್ಟು ತೂಗಿದ ಎರಡು ತೂಕಗಳು ಒಂದೇ ಆದಾಗ ಒಣಗಿತು ಎಂದರ್ಥ. ಅರ್ಧ ಒಣಗಿದ ತುಂಡುಗಳ ಪಕ್ಕ ಹೊಸ ಹಸಿ ತುಂಡು ಇಡಬೇಡಿ. ಅದರ ಆವಿಯನ್ನು ಇವು ಹೀರುತ್ತವೆ. ಬಿಸಿ ತುಂಡನ್ನು ಸೂಕ್ಷ್ಮ ತಕ್ಕಡಿಯ ಮೇಲಿಟ್ಟರೆ ಮೇಲೇಳುವ ಬಿಸಿಗಾಳಿಯಿಂದ ತೂಕ ತಪ್ಪುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಇರುವ ಮುಚ್ಚಿದ ಡಬ್ಬಿಯಲ್ಲಿ ಆರಿಸಿ ತೂಗಿ. ರಾಳ ಹೆಚ್ಚಿರುವ ಮರಗಳಲ್ಲಿ ಎಣ್ಣೆಯಂಶವೂ ಹಾರಿಹೋಗಿ ತೇವಾಂಶ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಇಡೀ ಅಟ್ಟಿಯನ್ನು ಒಂದು ಹಲಗೆಯಿಂದ ಅಳೆಯುವುದು

ದಿನವೂ ಹಲಗೆ ಕತ್ತರಿಸುತ್ತ ಕೂರಲಾಗದು. ಅದಕ್ಕೊಂದು ಜಾಣ ದಾರಿಯಿದೆ. ಅಟ್ಟಿಯಲ್ಲಿ ಅತಿ ದಪ್ಪ, ಅತಿ ಹಸಿ ಎನಿಸುವ ಹಲಗೆಯಿಂದ ಸುಮಾರು 75 ಸೆಂ.ಮೀ. ಉದ್ದದ ಮಾದರಿ ಹಲಗೆ ಕೊಯ್ಯಿರಿ; ಅದರ ಎರಡೂ ತುದಿಗೆ ತಾಗಿದಂತೆ 25 ಮಿ.ಮೀ. ತುಂಡು ಒಂದೊಂದು ತೆಗೆಯಿರಿ. ಮಾದರಿ ಹಲಗೆಯನ್ನು ತೂಗಿ, ಎರಡೂ ತುದಿಗೆ ದಪ್ಪ ಬಣ್ಣವೋ ಮೇಣವೋ ಬಳಿದು ನೀರು ಹೊರಬರದಂತೆ ಮುಚ್ಚಿ. ಒಂದು ತುಂಡು ಶೇ. 58, ಇನ್ನೊಂದು ಶೇ. 62 ತೋರಿಸಿದರೆ ಸರಾಸರಿ 60. ಹಲಗೆಯ ಮೊದಲ ತೂಕ 4.80 ಕೆ.ಜಿ. ಆಗಿದ್ದರೆ, 1.60ರಿಂದ ಭಾಗಿಸಿ, ಒಣ ತೂಕ 3.00 ಕೆ.ಜಿ. ಎಂದು ಓವನ್‌ಗೆ ಹಾಕದೆಯೇ ಸಿಕ್ಕಿತು. ಇದನ್ನು ಹಲಗೆಯ ಮೇಲೇ ಬರೆದಿಡಿ. ಮುಂದೆ ಯಾವ ದಿನ ತೂಗಿದರೂ ಸಾಕು: 3.54 ಕೆ.ಜಿ. ಎಂದರೆ ಶೇ. 18. ಶೇ. 12 ಬೇಕೆಂದರೆ 3.36 ಕೆ.ಜಿ.ಗೆ ಇಳಿಯುವತನಕ ಕಾಯಬೇಕು. ಮಾದರಿ ಹಲಗೆಯನ್ನು ಸುಲಭವಾಗಿ ಎಳೆದು ತೆಗೆಯುವಂತೆ ಅಟ್ಟಿಯೊಳಗೇ ಇಡಿ, ಮೇಲೆ ಗಾಳಿಗೆ ಇಡಬೇಡಿ.

ಎರಡು ಮೊಳೆ ಚುಚ್ಚುವ ತೇವಮಾಪಕ ಬೇಗ ಉತ್ತರ ಕೊಡುತ್ತದೆ, ಆದರೆ ನಂಬಬಹುದಾದದ್ದು ಸುಮಾರು ಶೇ. 7ರಿಂದ 25ರವರೆಗೆ ಮಾತ್ರ. ಮೊಳೆಯ ಮೊನೆ ದಪ್ಪದ ನಾಲ್ಕನೇ ಒಂದರಷ್ಟು ಒಳಹೋದರೆ ಸರಾಸರಿಯ ಹತ್ತಿರ ಬರುತ್ತೀರಿ. ಮರದ ಜಾತಿಗೂ ಶಾಖಕ್ಕೂ ತಿದ್ದುಪಡಿ ಹಾಕಲೇಬೇಕು. ಉಪ್ಪಿನಂಥ ಸಂರಕ್ಷಕ ಕುಡಿಸಿದ ಮರದಲ್ಲಿ ಅದು ಹೆಚ್ಚು ತೋರಿಸುತ್ತದೆ.

ಈ ಅಂಕಿಗಳು ಏಕೆ ಮುಖ್ಯ

ಮರದ ಕೋಶಗಳ ಪೊಳ್ಳಿನಲ್ಲಿ ನಿಂತ ನೀರು ಮೊದಲು ಹೋಗುತ್ತದೆ. ಆಗ ತೂಕ ಇಳಿಯುತ್ತದೆ, ಅಳತೆ ಕದಲುವುದಿಲ್ಲ. ಸುಮಾರು ಶೇ. 30ರ ಕೆಳಗೆ ಕೋಶದ ಗೋಡೆಯೊಳಗಿನ ನೀರು ಹೊರಡತೊಡಗುತ್ತದೆ. ಕುಗ್ಗುವುದು ಅಲ್ಲಿಂದ ಶುರು. ಬೆಳವಣಿಗೆಯ ಉಂಗುರದ ಗುಂಟ ಆಗುವ ಕುಗ್ಗುವಿಕೆ, ಅದಕ್ಕೆ ಅಡ್ಡಲಾಗಿ ಆಗುವುದರ ಹೆಚ್ಚುಕಡಿಮೆ ಎರಡರಷ್ಟು, ಉದ್ದಕ್ಕೆ ಲೆಕ್ಕಕ್ಕಿಲ್ಲ. ಹಲಗೆ ಬಟ್ಟಲಿನಂತೆ ಬಾಗುವುದು ಈ ವ್ಯತ್ಯಾಸದಿಂದಲೇ. ಪೂರ್ತಿ ಒಣಗಿದಾಗ ಶೇ. 8 ಕುಗ್ಗುವ ಮರದ 200 ಮಿ.ಮೀ. ಅಗಲದ ಹಲಗೆಯನ್ನು ಶೇ. 18ರಲ್ಲಿ ಜೋಡಿಸಿದಿರಿ, ಮನೆಯೊಳಗೆ ಅದು ಶೇ. 12ಕ್ಕೆ ಇಳಿಯಿತು ಎಂದರೆ, ಸುಮಾರು 3 ಮಿ.ಮೀ. ಸಂದು ಬಿಟ್ಟಿತೆಂದೇ ತಿಳಿಯಿರಿ.

ಕೊಳೆಗೂ ಇದೇ ಗಡಿ. ಮರ ತಿನ್ನುವ ಶಿಲೀಂಧ್ರಗಳು ಬೆಳೆಯಲು ಸುಮಾರು ಶೇ. 30ರ ಆಸುಪಾಸಿನ ತೇವ ಬೇಕು; ಸುರಕ್ಷತೆಗೆಂದು ಶೇ. 20ರ ಕೆಳಗೆ ಇಡುತ್ತೇವೆ. ಮರವನ್ನು ಕಂದು ಬಣ್ಣಕ್ಕೆ ತಿರುಗಿಸುವ ಕಂದು ಕೊಳೆ ಅತಿ ಮೋಸದ್ದು: ತೂಕ ಅಷ್ಟೇನೂ ಇಳಿಯದಿರುವಾಗಲೇ ಬಲ ಬಹಳಷ್ಟು ಹೋಗಿರುತ್ತದೆ. ಇಲ್ಲಿ ತಕ್ಕಡಿ ಸಾಲದು, ದಬ್ಬಳ ತೆಗೆದುಕೊಳ್ಳಿ. ಎಳೆಗೆ ಓರೆಯಾಗಿ ಕೆಲವು ಮಿ.ಮೀ. ಚುಚ್ಚಿ ಮೇಲಕ್ಕೆ ಮೀಟಿ. ಗಟ್ಟಿ ಮರದಿಂದ ಉದ್ದನೆಯ ಸಿಬಿರು ಚಿಟಿಲ್ ಎಂದು ಸೀಳಿ, ಒಂದು ತುದಿ ಅಂಟಿಕೊಂಡೇ ಏಳುತ್ತದೆ. ಲಡ್ಡು ಹಿಡಿದದ್ದು ಸದ್ದಿಲ್ಲದೆ ದಬ್ಬಳದ ಮೇಲೆಯೇ ಅಡ್ಡಡ್ಡ ಮುರಿದು ಬೀಳುತ್ತದೆ. ಹಾಗೆ ಮುರಿದರೆ ಆ ಭಾಗವನ್ನು ಭಾರ ಹೊರುವ ಜಾಗಕ್ಕೆ ಹಾಕಬೇಡಿ, ಎಷ್ಟೇ ಒಣಗಿದ್ದರೂ ಸರಿ: ಒಣಗಿಸಿದರೆ ಕೊಳೆ ನಿಲ್ಲುತ್ತದೆ, ಹೋದ ಬಲ ಮರಳುವುದಿಲ್ಲ.