ಕಿಡೆಪೊ ಸಫಾರಿ: ಜೀಪ್ ಓಡಿಸಬೇಡಿ, ನಿಲ್ಲಿಸಿ

ಯುಗಾಂಡದ ಈಶಾನ್ಯ ಮೂಲೆಯಲ್ಲಿ, ದಕ್ಷಿಣ ಸುಡಾನ್ ಗಡಿಗೆ ಅಂಟಿಕೊಂಡಂತೆ ಕಿಡೆಪೊ ಕಣಿವೆ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿಗೆ ಗೆಳೆಯರ ಗುಂಪು ಕಟ್ಟಿಕೊಂಡು ಎರಡು ಸಲ ಹೋಗಿದ್ದೇನೆ. ಎರಡು ಸಲವೂ ಅದೇ ಎಡವಟ್ಟು. ಕಬಿನಿ, ಬಂಡೀಪುರದಲ್ಲಿ ಅಂಟಿದ ಚಾಳಿ ಅಲ್ಲಿಗೂ ಜೊತೆಗೆ ಬರುತ್ತದೆ: ‘ಎಲ್ಲಿದೆಯಂತೆ? ಬೇಗ ಬಿಡಿ!’ ಎಂದು ಡ್ರೈವರ್ ಬೆನ್ನು ತಟ್ಟುವುದು. 1,442 ಚದರ ಕಿಲೋಮೀಟರ್ ಕಾಡಿನಲ್ಲಿ ಹೀಗೆ ಓಡಾಡಿದರೆ ಸಿಗುವುದು ಧೂಳು ಮಾತ್ರ. ಸರಿಯಾಗಿ ಹೋಗಿಬರುವುದು ಹೇಗೆ ಅಂತ ಹೇಳುತ್ತೇನೆ.

1. ತಿಂಗಳು: ಜನವರಿ, ಫೆಬ್ರುವರಿ. ಮಳೆಗಾಲದಲ್ಲಿ ಹುಲ್ಲು ಆಳೆತ್ತರ ಬೆಳೆದಿರುತ್ತದೆ, ದಾರಿ ಕೆಸರು. ಅಗ್ಗದ ಪ್ಯಾಕೇಜ್ ಅಂತ ಮೇ ತಿಂಗಳಿಗೆ ಬುಕ್ ಮಾಡಬೇಡಿ.

2. ಯೆಲ್ಲೋ ಫೀವರ್ ಚುಚ್ಚುಮದ್ದು. ಯುಗಾಂಡಕ್ಕೆ ಇ-ವೀಸಾ ಮಾಡಿಸುವುದು ಕಷ್ಟವಲ್ಲ; ಜನ ಸಿಕ್ಕಿಬೀಳುವುದು ಚುಚ್ಚುಮದ್ದು ಹಾಕಿಸಿದ್ದಕ್ಕೆ ಪ್ರಮಾಣಪತ್ರವಾಗಿ ಕೊಡುವ ಹಳದಿ ಪುಸ್ತಕದಲ್ಲಿ. ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಬೇಕು, ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿರಬೇಕು. ಅಲ್ಲಿ ಇಳಿಯುವಾಗ ಕೇಳುತ್ತಾರೆ. ವಾಪಸ್ ಬಂದಾಗ ನಮ್ಮ ವಿಮಾನ ನಿಲ್ದಾಣದಲ್ಲೂ ಕೇಳುತ್ತಾರೆ, ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್. ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕು. ಮೊಟ್ಟೆಯ ಅಲರ್ಜಿ ಇದ್ದವರು, 60 ದಾಟಿದವರು ಮೊದಲೇ ಡಾಕ್ಟರ ಹತ್ತಿರ ಮಾತಾಡಿ. ಪುಸ್ತಕ ಕೈಗೆ ಬಂದ ಕೂಡಲೇ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಹೆಸರು, ನಂಬರ್ ಅಕ್ಷರಕ್ಕಕ್ಷರ ಹೋಲಿಸಿ. ನಮ್ಮ ಗುಂಪಿನ ಒಬ್ಬರದರಲ್ಲಿ ಒಂದು ಅಂಕಿ ಹೆಚ್ಚುಕಮ್ಮಿಯಾಗಿ, ತಿದ್ದಿಸಲು ಇನ್ನೊಂದು ದಿನ ರಜೆ ಹಾಕಬೇಕಾಯಿತು. ಮಲೇರಿಯಾ ಮಾತ್ರೆಯನ್ನು ಊರಿಗೆ ಬಂದಮೇಲೂ ಡಾಕ್ಟರು ಹೇಳಿದಷ್ಟು ದಿನ ನುಂಗಿ. ಮನೆ ತಲುಪಿದ್ದೇ ಪಟ್ಟಿಯನ್ನು ಮೂಲೆಗೆ ಎಸೆಯುವವರೇ ಹೆಚ್ಚು.

3. ದಾರಿ. ಯುಗಾಂಡದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿರುವ ಎಂಟೆಬೆಯಿಂದ ಕಿಡೆಪೊಗೆ ಸಣ್ಣ ವಿಮಾನವಿದೆ. ಸಾಮಾನ್ಯವಾಗಿ 15 ಕಿಲೋ ಸಾಮಾನಷ್ಟೇ, ಅದೂ ಮೆತ್ತನೆಯ ಚೀಲದಲ್ಲಿ. ನನ್ನ ಓಟು ರಸ್ತೆಗೆ: ಕಂಪಾಲಾದಿಂದ ಗುಲು, ಅಲ್ಲಿಂದ ಕಿಟ್ಗುಮ್. ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ, ಗುಲುವಿನಲ್ಲಿ ಮಲಗಿ. ಕಿಟ್ಗುಮ್‌ನಲ್ಲಿ ಟ್ಯಾಂಕ್ ಭರ್ತಿ ಮಾಡಿಸಿ, ಯುಗಾಂಡ ಶಿಲ್ಲಿಂಗ್ ನಗದು ಇಟ್ಟುಕೊಳ್ಳಿ. ಡಾಲರ್ ಒಯ್ಯುವುದಾದರೆ ಹೊಸ ನೋಟನ್ನೇ ಒಯ್ಯಿರಿ. ಹಳೆಯದನ್ನು, ಅಂಚು ಹರಿದದ್ದನ್ನು ಮುಟ್ಟಿಯೂ ನೋಡುವುದಿಲ್ಲ.

4. ವಸತಿ, ಊಟ. ಉದ್ಯಾನದೊಳಗಿನ ಅಪೋಕಾದಲ್ಲಿ ವನ್ಯಜೀವಿ ಇಲಾಖೆಯ ಬಂಡಾಗಳಿವೆ (ಹೆಸರು ಹಾಗೆ, ನೋಡಲು ನಮ್ಮ ಗುಡಿಸಲು). ಮೂರು ರಾತ್ರಿಗೆ ಕಡಿಮೆಯಾದರೆ ಹೋಗಲೇಬೇಡಿ. ಸಸ್ಯಾಹಾರಿಗಳಿಗೆ ಪೋಶೊ ಎಂಬ ಮೆಕ್ಕೆಜೋಳದ ಮುದ್ದೆ, ಹುರುಳಿಕಾಯಿ ಬೀಜದ ಸಾರು, ಚಪಾತಿ ಸಿಗುತ್ತದೆ. ಮುದ್ದೆ ಉಂಡು ಬೆಳೆದವರಿಗೆ ತೊಂದರೆಯಿಲ್ಲ. ಸಂಜೆಯ ಊಟ ಬೆಳಿಗ್ಗೆಯೇ ಹೇಳಿಡಿ. ಚಟ್ನಿಪುಡಿ ಮರೆಯಬೇಡಿ.

ಬಟ್ಟೆ ಖಾಕಿ, ಮಣ್ಣಿನ ಬಣ್ಣದ್ದೇ ಇರಲಿ. ಕಡುನೀಲಿ, ಕಪ್ಪು ಬಣ್ಣ ತ್ಸೆತ್ಸೆ ನೊಣವನ್ನು ಕರೆಯುತ್ತದೆ. ತೆಳು ಬಟ್ಟೆಯಾದರೆ ಅದರ ಮೇಲಿಂದಲೇ ಕಚ್ಚುತ್ತದೆ. ಸೊಳ್ಳೆ ಓಡಿಸುವ ಕೈಪಟ್ಟಿ ಅಂತ ಆನ್‌ಲೈನ್‌ನಲ್ಲಿ ಮಾರುತ್ತಾರಲ್ಲ, ಅದು ದುಡ್ಡು ದಂಡ. ‘ನೂರು ಪಟ್ಟು ಜೂಮ್’ ಬೈನಾಕ್ಯುಲರೂ ಅದೇ ಜಾತಿ; ಕೈ ನಡುಗಿದರೆ ಏನೂ ಕಾಣದು. 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮಸೂರದ್ದು) ತಗೊಳ್ಳಿ, ತಲೆಗೊಂದರಂತೆ. ಗಂಡ ಹೆಂಡತಿ ಒಂದನ್ನೇ ಹಂಚಿಕೊಂಡರೆ ಸಿಂಹ ಎದ್ದು ಹೋಗುವ ಹೊತ್ತಿಗೆ ಜಗಳ ಶುರುವಾಗಿರುತ್ತದೆ.

5. ಈಗ ನಿಜವಾದ ಕೆಲಸ. ಉದ್ಯಾನದಲ್ಲಿ ಎರಡು ಕಣಿವೆ: ನರುಸ್ ಮತ್ತು ಕಿಡೆಪೊ. ಬೇಸಗೆಯಲ್ಲಿ ನೀರು ಉಳಿಯುವುದು ನರುಸ್‌ನಲ್ಲಿ. ಕಾಡೆಮ್ಮೆ, ಆನೆ, ಜೀಬ್ರಾ, ಜಿರಾಫೆ ಎಲ್ಲ ಅಲ್ಲಿಗೇ ಇಳಿಯುತ್ತವೆ. ಹಾಗಾಗಿ ಹಿಂದೆ ಬಿದ್ದು ಹುಡುಕುವ ಅಗತ್ಯವೇ ಇಲ್ಲ. ಬೆಳಕು ಹರಿಯುವ ಮೊದಲೇ ರೇಂಜರ್ ಜೊತೆ ಹೊರಡಿ. ನೀರಿನ ಹತ್ತಿರ, ಆದರೆ ಪ್ರಾಣಿಗಳು ಇಳಿಯುವ ಜಾಡಿಗೆ ಅಡ್ಡವಾಗದಂತೆ ಗಾಡಿ ನಿಲ್ಲಿಸಲು ಹೇಳಿ. ಸೂರ್ಯ ಬೆನ್ನಿಗಿರಲಿ, ಗಾಳಿ ಮುಖಕ್ಕೆ ಬರಲಿ. ಇಂಜಿನ್ ಆಫ್. ಗಾಡಿಯಿಂದ ಇಳಿಯುವಂತಿಲ್ಲ, ಮೊಬೈಲ್ ಸೈಲೆಂಟ್, ಚಿಪ್ಸ್ ಪ್ಯಾಕೆಟ್ ಚೀಲದೊಳಗೆ.

ಮೊದಲ ಇಪ್ಪತ್ತು ನಿಮಿಷ ಏನೂ ಆಗುವುದಿಲ್ಲ. ‘ಮುಂದೆ ಹೋಗೋಣ್ವಾ?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಬಾಯಿ ಮುಚ್ಚಿಸಿ. ಹುಡುಕಬೇಕಾದ್ದು ಇಡೀ ಪ್ರಾಣಿಯನ್ನಲ್ಲ. ಹುಲ್ಲಿನ ಮೇಲೆ ಅಡ್ಡಗೆರೆ ಕಂಡರೆ ಅದು ಯಾವುದೋ ಬೆನ್ನು. ಜಿಂಕೆಗಳೆಲ್ಲ ಮೇಯುವುದು ಬಿಟ್ಟು ಒಂದೇ ಕಡೆ ನೋಡುತ್ತಿದ್ದರೆ ನೀವೂ ಅದೇ ಕಡೆ ನೋಡಿ. ಅಲ್ಲಿನ ಸಿಂಹಗಳಿಗೆ ಬಂಡೆ ಇಷ್ಟ. ಬೆಳಗಿನ ಬಿಸಿಲು ಬೀಳುವ ಬಂಡೆಗುಡ್ಡಗಳನ್ನು ಎಡದಿಂದ ಬಲಕ್ಕೆ, ಅಕ್ಕಿ ಆರಿಸಿದ ಹಾಗೆ ನೋಡುತ್ತಾ ಬನ್ನಿ. ಕಳೆದ ಸಲ ನಾನು ಒಂದು ಬಂಡೆಯನ್ನು ಮೂರು ಸಲ ನೋಡಿ ಬಿಟ್ಟಿದ್ದೆ. ನಾಲ್ಕನೇ ಸಲ ಮೇಲಿನ ‘ಕಲ್ಲು’ ಕಿವಿ ಅಲ್ಲಾಡಿಸಿತು. ಆಮೇಲೆ ಅದರ ಪಕ್ಕದ ಎರಡು ಕಲ್ಲಿಗೂ ಬಾಲ ಬಂತು. ಆ ಹೊತ್ತಿಗೆ ನಮ್ಮ ಇನ್ನೊಂದು ಗಾಡಿಯವರು ಚೀತಾ ಹುಡುಕುತ್ತಾ ಎಲ್ಲೋ ದೂರ ಧೂಳೆಬ್ಬಿಸುತ್ತಿದ್ದರು.

ಕಾಡೆಮ್ಮೆ ಹಿಂಡು ಬಂದರೆ ಫೋಟೊ ಸಾಲದು, ಕಿವಿಗೊಡಿ. ಸಾವಿರಾರು ಗೊರಸು ಒಣಹುಲ್ಲಿನಲ್ಲಿ ಸರಿಯುವ ಸದ್ದು, ನಡುವೆ ಉಸಿರು ಬಿಡುವ ಸದ್ದು. ಹಿಂಡು ದಾರಿ ದಾಟಿ ಮುಗಿಯುವವರೆಗೆ ಇಂಜಿನ್ ಮುಟ್ಟಬೇಡಿ.

ಒಂಬತ್ತೂವರೆಗೆ ವಾಪಸ್. ಮಧ್ಯಾಹ್ನ ಮಲಗಿ, ನಾಲ್ಕಕ್ಕೆ ಮತ್ತೆ ಅದೇ ಜಾಗಕ್ಕೆ ಹೋಗಿ. ಹೌದು, ಅದೇ ಜಾಗಕ್ಕೆ.

6. ಎರಡನೇ ದಿನ ಬೇಕಿದ್ದರೆ ಕಿಡೆಪೊ ಕಣಿವೆ ಕಡೆ. ನದಿ ಅಂದರೆ ಬರೀ ಮರಳು. ದಡದ ಉದ್ದಕ್ಕೂ ನಮ್ಮ ತಾಟಿನಿಂಗು ಮರದ ದಾಯಾದಿಗಳು. ಕನಂಗೊರೊಕ್ ಬಿಸಿನೀರಿನ ಬುಗ್ಗೆ ಅಂತ ಎಲ್ಲರೂ ಓಡುತ್ತಾರೆ, ಅದು ಏನೂ ಅಲ್ಲ. ದಾರಿಯಲ್ಲಿ ಉಷ್ಟ್ರಪಕ್ಷಿ ಸಿಕ್ಕರೆ ಅದೇ ಲಾಭ. ಅಲ್ಲಿಂದಾಚೆ ಗಡಿ, ರೇಂಜರ್ ಬೇಡ ಎಂದ ಕಡೆ ಕಾಲಿಡಬೇಡಿ.

7. ಮೊರುಂಗೊಲೆ ಬೆಟ್ಟ ಹತ್ತುವುದಾದರೆ ಪೂರ್ತಿ ಒಂದು ದಿನ ಬಿಡಿ. ಮೇಲೆ ಇರುವುದು ಇಕ್ ಎಂಬ ಬುಡಕಟ್ಟು ಜನ. 1962ರಲ್ಲಿ ಈ ಉದ್ಯಾನ ಘೋಷಣೆಯಾದಾಗ ಕಣಿವೆಯ ಬೇಟೆಯ ನೆಲ ಕಳೆದುಕೊಂಡವರು ಅವರೇ. ಕ್ಯಾಮೆರಾವನ್ನು ಚೀಲದಲ್ಲಿಟ್ಟೇ ಊರು ಹೊಕ್ಕು, ಗೈಡ್ ಮೂಲಕ ಕೇಳಿದ ಮೇಲೆ ಹೊರತೆಗೆಯಿರಿ. ಇಳಿಯುವಾಗ ಮಂಡಿ ನೋಯುತ್ತದೆ, ಕೋಲು ಒಯ್ಯಿರಿ.